ಸ್ಲಂಪ್ ತಿನ್ನುವ ಮರಳು: ಪುಣೆಯ ಲ್ಯಾಬಿನಲ್ಲಿ ಕಾಂಕ್ರೀಟ್ ಕೆಮಿಕಲ್ ತಯಾರಾಗುವ ಬಗೆ

ಪುಣೆ, ಪಿಂಪ್ರಿ-ಚಿಂಚವಡ ಸುತ್ತಲಿನ ಆರ್‌ಎಂಸಿ (ರೆಡಿಮಿಕ್ಸ್ ಕಾಂಕ್ರೀಟ್) ಪ್ಲಾಂಟಿನವರ ಬೇಡಿಕೆ ಯಾವಾಗಲೂ ಒಂದೇ ಉಸಿರಿನದು. ಎಂ40 ದರ್ಜೆಯ ಕಾಂಕ್ರೀಟ್ ಬೇಕು, ಪಂಪಿನಲ್ಲಿ ಹೋಗಬೇಕು, ಮೂರು ತಾಸು ಸ್ಲಂಪ್ (ಹಸಿ ಕಾಂಕ್ರೀಟಿನ ಸಡಿಲತನ, ಶಂಕು ಎತ್ತಿದಾಗ ಅದು ಎಷ್ಟು ಮಿ.ಮೀ. ಕುಸಿಯುತ್ತದೆಂಬ ಅಳತೆ) ನಿಲ್ಲಬೇಕು, ಮಾರನೇ ದಿನ ಶಟರಿಂಗ್ ಬಿಚ್ಚಬೇಕು, ದರ ಮಾತ್ರ ಹೋದ ವರ್ಷದ್ದೇ ಇರಬೇಕು. ಸಂಜೆ ಹಿಂಜವಡಿ ದಾರಿಯಲ್ಲಿ ಟ್ರಾನ್ಸಿಟ್ ಮಿಕ್ಸರ್ ಸಿಕ್ಕಿಹಾಕಿಕೊಂಡದ್ದನ್ನು ಕಂಡವರಿಗೆ ಮೂರು ತಾಸು ಏಕೆಂದು ಬಿಡಿಸಿ ಹೇಳಬೇಕಿಲ್ಲ. ಈ ಬೇಡಿಕೆ ಡ್ರಮ್ಮಿನೊಳಗಿನ ತಿಳಿ ಕಂದು ದ್ರವವಾಗಲು ನಮ್ಮಂಥ ಲ್ಯಾಬಿನಲ್ಲಿ ಆರೇಳು ತಿಂಗಳು ಹಿಡಿಯುತ್ತದೆ. ಪಾಲಿಮರ್ ಬೇಯಿಸುವುದು ಅದರಲ್ಲಿ ಒಂದೇ ತಿಂಗಳ ಕೆಲಸ. ಮಿಕ್ಕ ದಿನಗಳು ಮರಳಿನ ಜೊತೆಗಿನ ಜಗಳದಲ್ಲಿ ಕಳೆಯುತ್ತವೆ.

ಮೊದಲು ಪಾಲಿಮರ್. ಇವತ್ತು ಒಳ್ಳೆಯ ಅಡ್ಮಿಕ್ಸ್ಚರ್ (ಕಾಂಕ್ರೀಟಿಗೆ ಬೆರೆಸುವ ಕೆಮಿಕಲ್) ಎಂದರೆ ಪಾಲಿಕಾರ್ಬಾಕ್ಸಿಲೇಟ್ ಈಥರ್, ಎಲ್ಲರ ಬಾಯಲ್ಲಿ ಪಿಸಿಇ. 1981ರಲ್ಲಿ ಜಪಾನಿನ ನಿಪ್ಪಾನ್ ಶೋಕುಬಾಯ್ ಪೇಟೆಂಟಿಗೆ ಅರ್ಜಿ ಹಾಕಿದ ವಸ್ತು. ಅಣುವಿನ ಆಕಾರ ಬಾಚಣಿಗೆಯದು. ಬೆನ್ನಿನುದ್ದಕ್ಕೂ ಋಣ ವಿದ್ಯುದಂಶದ ಕಾರ್ಬಾಕ್ಸಿಲೇಟ್ ಗುಂಪುಗಳಿದ್ದು ಸಿಮೆಂಟ್ ಕಣಕ್ಕೆ ಅಂಟುತ್ತವೆ. ಪಾಲಿಎಥಿಲೀನ್ ಗ್ಲೈಕಾಲಿನ ಹಲ್ಲುಗಳು ನೀರಿನೊಳಗೆ ಚಾಚಿಕೊಂಡು ಕಣ ಕಣವನ್ನು ದೂರ ಇಡುತ್ತವೆ. ಕಣಗಳು ಗಂಟುಕಟ್ಟದಿದ್ದರೆ ಗಂಟಿನೊಳಗೆ ಸೆರೆಯಾಗುತ್ತಿದ್ದ ನೀರು ಬಿಡುಗಡೆಯಾಗುತ್ತದೆ, ಕಡಿಮೆ ನೀರಿನಲ್ಲೇ ಕಾಂಕ್ರೀಟ್ ಹರಿಯುತ್ತದೆ. ಭಾರತೀಯ ಮಾನಕ ಐಎಸ್ 9103 ಇಂಥ ಕೆಮಿಕಲಿನಿಂದ, ಅಂದರೆ ಸೂಪರ್‌ಪ್ಲಾಸ್ಟಿಸೈಸರಿನಿಂದ ಕೇಳುವುದು ಶೇ. 20ರಷ್ಟು ನೀರಿನ ಉಳಿತಾಯ. ಪಿಸಿಇ ಶೇ. 30 ದಾಟುವುದು ಸಾಮಾನ್ಯ.

ಲ್ಯಾಬಿನ ಎರಡು ಲೀಟರ್ ಫ್ಲಾಸ್ಕಿನ ಅಳತೆ ಹೀಗಿದೆ. 2400 ಅಣುತೂಕದ ಟಿಪೆಗ್ (ಬಾಚಣಿಗೆಯ ಹಲ್ಲಾಗುವ ಗ್ಲೈಕಾಲ್ ಜಾತಿಯ ಕಚ್ಚಾವಸ್ತು) ಚಕ್ಕೆ 360 ಗ್ರಾಂ, ಅಂದರೆ 0.15 ಮೋಲ್. ಅದನ್ನು 260 ಗ್ರಾಂ ನೀರಿನಲ್ಲಿ ಕರಗಿಸಿ, ಪಾಲಿಮರೀಕರಣ ಶುರುಮಾಡುವ ಶೇ. 30ರ ಹೈಡ್ರೋಜನ್ ಪೆರಾಕ್ಸೈಡ್ 3 ಗ್ರಾಂ ಹಾಕುತ್ತೇವೆ. ಒಂದು ಡ್ರಾಪಿಂಗ್ ಫನಲ್‌ನಲ್ಲಿ ಅಕ್ರಿಲಿಕ್ ಆಮ್ಲ 43 ಗ್ರಾಂ ಮತ್ತು ನೀರು 40 ಗ್ರಾಂ. ಇನ್ನೊಂದರಲ್ಲಿ ಆಸ್ಕಾರ್ಬಿಕ್ ಆಮ್ಲ 0.8 ಗ್ರಾಂ, ಮರ್ಕ್ಯಾಪ್ಟೋಪ್ರೊಪಿಯಾನಿಕ್ ಆಮ್ಲ 1.8 ಗ್ರಾಂ, ನೀರು 80 ಗ್ರಾಂ. ಆಮ್ಲದ ಹನಿ 3 ತಾಸಿನಲ್ಲಿ ಮುಗಿಯಬೇಕು, ಎರಡನೆಯದು ಮೂರೂವರೆ ತಾಸಿನಲ್ಲಿ. ಆಮೇಲೆ ಒಂದು ತಾಸು ಕಲಕುತ್ತಾ ಬಿಟ್ಟು, ಶೇ. 32ರ ಕಾಸ್ಟಿಕ್ ಸೋಡಾ ದ್ರಾವಣ ಸುಮಾರು 50 ಗ್ರಾಂ ಹಾಕಿ ಪಿಎಚ್ ಅನ್ನು 6ರ ಆಸುಪಾಸಿಗೆ ತಂದರೆ ಶೇ. 50ರ ಸುಮಾರು ಘನಾಂಶದ ದ್ರಾವಣ ಸಿದ್ಧ. ಹೊರಗಿನ ಕಾವು ಬೇಡ, ಕೋಣೆಯ ಶಾಖದಲ್ಲೇ ಶುರುವಾಗುತ್ತದೆ. ಆಮ್ಲ ಮತ್ತು ಟಿಪೆಗ್‌ನ ಮೋಲ್ ಅನುಪಾತ ಇಲ್ಲಿ 4ಕ್ಕೆ 1. ಈ ಒಂದು ಅಂಕಿಯಲ್ಲೇ ಪಾಲಿಮರಿನ ಸ್ವಭಾವದ ಅರ್ಧ ಅಡಗಿದೆ.

ಮರ್ಕ್ಯಾಪ್ಟೋ ಬಾಟಲಿಯ ಬಗ್ಗೆ ಒಂದು ಮಾತು. ಸರಪಳಿ ತೀರಾ ಉದ್ದವಾಗದಂತೆ ತಡೆಯುವುದು ಅದೇ. ಕೊಳೆತ ಬೆಳ್ಳುಳ್ಳಿಯ ನಾತ. ಫ್ಯೂಮ್ ಹುಡ್ ಬಿಟ್ಟು ಹೊರಗೆ ತೂಗಬಾರದು. ಪಿಪೆಟ್ಟನ್ನು ಸಿಂಕಿಗೆ ಒಯ್ಯುವ ಮೊದಲು ತೆಳು ಬ್ಲೀಚ್ ದ್ರಾವಣದಲ್ಲಿ ಅದ್ದಬೇಕು. ಇಲ್ಲದಿದ್ದರೆ ಪಕ್ಕದ ಶೆಡ್ಡಿನವರು ಗ್ಯಾಸ್ ಸೋರಿದೆಯೆಂದು ಬಂದು ನಿಲ್ಲುತ್ತಾರೆ.

ಇದಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಅಕ್ರಿಲಿಕ್ ಆಮ್ಲಕ್ಕೆ, ಅದರಲ್ಲೂ ಚಳಿಗಾಲದಲ್ಲಿ. ಅದು 13-14 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಮುಂಬೈಯಲ್ಲಿ ಈ ಚಿಂತೆಯಿಲ್ಲ. ಪುಣೆಯಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಪಾದರಸ 10ರ ಹತ್ತಿರ ಇಳಿಯುತ್ತದೆ, ಬೆಳಿಗ್ಗೆ ಡ್ರಮ್ ಅಲುಗಿಸಿದರೆ ಒಳಗೆ ಗಡ್ಡೆ. ಬಿಸಿನೀರೋ ಸ್ಟೀಮೋ ಬಿಟ್ಟು ಕರಗಿಸೋಣ ಎಂದು ಯಾರಿಗಾದರೂ ಅನ್ನಿಸುವುದು ಸಹಜ, ಆದರೆ ಅದೇ ಅನಾಹುತದ ದಾರಿ. ಆಮ್ಲ ತನ್ನಷ್ಟಕ್ಕೆ ಪಾಲಿಮರ್ ಆಗದಿರಲೆಂದು ಅದರಲ್ಲಿ ಸುಮಾರು 200 ಪಿಪಿಎಂ ತಡೆವಸ್ತು ಬೆರೆಸಿರುತ್ತಾರೆ. ಹೆಪ್ಪುಗಟ್ಟುವಾಗ ಹರಳು ಆ ತಡೆವಸ್ತುವನ್ನು ಹೊರಗೆ, ಉಳಿದ ದ್ರವಕ್ಕೆ ತಳ್ಳುತ್ತದೆ. ಕಾವು ತಗುಲಿ ಮೊದಲು ಕರಗುವ ಹರಳಿಗೆ ಕಾವಲೇ ಇರುವುದಿಲ್ಲ. ಅಲ್ಲಿ ಹೊತ್ತಿಕೊಂಡ ಪಾಲಿಮರೀಕರಣ ಡ್ರಮ್ಮನ್ನೇ ಸಿಡಿಸಬಲ್ಲದು. ಹಾಗಾಗಿ 25-30 ಡಿಗ್ರಿಯ ಕೋಣೆಯಲ್ಲಿ ಒಂದೆರಡು ದಿನ ತಾನಾಗಿ ಕರಗಲು ಬಿಟ್ಟು, ನಡುನಡುವೆ ಉರುಳಿಸಿ ಬೆರೆಸುತ್ತೇವೆ. ಅರ್ಧ ಕರಗಿದ ಡ್ರಮ್ಮಿನಿಂದ ಒಂದು ಲೋಟವನ್ನೂ ತೆಗೆಯುವುದಿಲ್ಲ. ನೈಟ್ರೋಜನ್ ತುಂಬಿ ಮುಚ್ಚುವುದೂ ತಪ್ಪು, ಏಕೆಂದರೆ ತಡೆವಸ್ತು ಕೆಲಸ ಮಾಡಲು ಕರಗಿದ ಆಮ್ಲಜನಕ ಬೇಕು.

ಮೇ ತಿಂಗಳಲ್ಲಿ ತೊಂದರೆ ತಿರುಗುಮುರುಗು. ಅಕ್ರಿಲಿಕ್ ಆಮ್ಲದ ಪಾಲಿಮರೀಕರಣ ಮೋಲಿಗೆ ಸುಮಾರು 77 ಕಿಲೋಜೂಲ್ ಶಾಖ ಬಿಡುತ್ತದೆ. ಮೇಲಿನ ಅಳತೆಗೆ ಲೆಕ್ಕ ಹಾಕಿದರೆ, ಶಾಖ ಎಲ್ಲಿಗೂ ಹೋಗದಿದ್ದಲ್ಲಿ ಇಡೀ ದ್ರಾವಣ 16 ಡಿಗ್ರಿಯಷ್ಟು ಏರುತ್ತದೆ. ಫ್ಲಾಸ್ಕಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಗಾಜಿನ ಮೈಯಿಂದಲೇ ಶಾಖ ಹೊರಟುಹೋಗುತ್ತದೆ. 5 ಟನ್ನಿನ ರಿಯಾಕ್ಟರಿನಲ್ಲಿ ಹೊರಟುಹೋಗಲು ಅಷ್ಟು ಮೈ ಇಲ್ಲ. ಸುತ್ತಿಸುವ ನೀರೇ 30 ದಾಟಿರುವಾಗ ಒಳಗಿನದು 50ರತ್ತ ನಡೆಯುತ್ತದೆ, ಪೆರಾಕ್ಸೈಡ್ ಬೇಗ ಸುಟ್ಟುಹೋಗುತ್ತದೆ, ಕೊನೆಗೆ ಸೇರದ ಟಿಪೆಗ್ ಉಳಿಯುತ್ತದೆ. ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ತೋರಿಸುವ ಜಿಪಿಸಿ ಯಂತ್ರದಲ್ಲಿ ಅದು ಪಾಲಿಮರಿನ ದೊಡ್ಡ ಗುಡ್ಡದ ಪಕ್ಕದ ಸಣ್ಣ ದಿಬ್ಬವಾಗಿ ಕಾಣುತ್ತದೆ. ದಿಬ್ಬ ಶೇ. 15 ದಾಟಿದ ಬ್ಯಾಚನ್ನು ನಾವು ಕಾಂಕ್ರೀಟಿಗೆ ಒಯ್ಯುವುದೇ ಇಲ್ಲ. ರಿಯಾಕ್ಟರಿನಲ್ಲಿ ತುಕ್ಕು ಇದ್ದರೂ ಇದೇ ಫಲಿತಾಂಶ. ಕಬ್ಬಿಣ ಪೆರಾಕ್ಸೈಡನ್ನು ತಾನೇ ಒಡೆದು ಮುಗಿಸುತ್ತದೆ.

ಮೇಲೆ ಹೇಳಿದ್ದು ನೀರು ಉಳಿಸುವ ಪಾಲಿಮರ್. ಸಿಮೆಂಟಿಗೆ ಕ್ಷಣದಲ್ಲಿ ಅಂಟುತ್ತದೆ, ಒಂದು ತಾಸಿನಲ್ಲಿ ಸುಸ್ತಾಗುತ್ತದೆ. ಸ್ಲಂಪ್ ನಿಲ್ಲಿಸಲು ಇನ್ನೊಂದು ಪಾಲಿಮರ್ ಬೇಕು. ಆಮ್ಲದ ಭಾಗವನ್ನು ಕಡಿಮೆ ಮಾಡಿ ಅದರ ಜಾಗಕ್ಕೆ ಹೈಡ್ರಾಕ್ಸಿಎಥಿಲ್ ಅಕ್ರಿಲೇಟ್ ಸೇರಿಸುತ್ತೇವೆ. ಸಿಮೆಂಟ್ ನೀರಿನ ಕ್ಷಾರದಲ್ಲಿ ಈ ಎಸ್ಟರ್ ಮೆಲ್ಲಮೆಲ್ಲನೆ ಒಡೆದು ಆಮ್ಲವಾಗುತ್ತದೆ, ಅಂಟುವ ಕೊಕ್ಕೆಗಳು ಒಂದೊಂದಾಗಿ ಹುಟ್ಟುತ್ತವೆ. ಸಂಬಳವನ್ನು ಒಂದೇ ದಿನ ಖರ್ಚು ಮಾಡದೆ ವಾರವಾರ ತೆಗೆದ ಹಾಗೆ. ಇದನ್ನು ಅತಿಯಾಗಿ ಹಾಕಿದರೆ ಬೇರೆ ಪೇಚು. ಪ್ಲಾಂಟಿನಲ್ಲಿ 160 ಮಿ.ಮೀ. ಇದ್ದ ಸ್ಲಂಪ್ ಸೈಟಿಗೆ ಹೋಗುವಷ್ಟರಲ್ಲಿ 220 ಆಗಿ, ಖಡಿ (ಜಲ್ಲಿಕಲ್ಲು) ಕೆಳಗೆ, ನೀರು ಮೇಲೆ. ಬಿಸಿಲಿಗೆ ಎಸ್ಟರ್ ಬೇಗ ಒಡೆಯುವುದರಿಂದ ಜನವರಿಯಲ್ಲಿ ಹೊಂದಿಸಿದ ಪಾಕ ಮೇನಲ್ಲಿ ಹೀಗೆ ಆಡುತ್ತದೆ. ಲ್ಯಾಬಿನ 27 ಡಿಗ್ರಿಯಲ್ಲಿ ಒಮ್ಮೆ, ಸಾಮಗ್ರಿಯನ್ನು 38 ಡಿಗ್ರಿಗೆ ಕಾಯಿಸಿ ಇನ್ನೊಮ್ಮೆ ಪರೀಕ್ಷೆ ಮಾಡದೆ ಯಾವ ಪಾಕವನ್ನೂ ಹೊರಗೆ ಬಿಡಬಾರದು.

100 ಕಿಲೋ ಮಾಲಿಗೆ ನಮ್ಮ ಆರಂಭದ ಪಾಕ: ಮೊದಲ ಪಾಲಿಮರ್ 24 ಕಿಲೋ, ಎರಡನೆಯದು 26 ಕಿಲೋ, ಸಿಮೆಂಟ್ ಗಟ್ಟಿಯಾಗುವುದನ್ನು ನಿಧಾನಿಸುವ ಸೋಡಿಯಂ ಗ್ಲೂಕೊನೇಟ್ 3 ಕಿಲೋ, ಗಾಳಿಗುಳ್ಳೆ ತಡೆಯುವ ಡಿಫೋಮರ್ 100 ಗ್ರಾಂ, ಸೂಕ್ಷ್ಮಜೀವಿ ಕೊಲ್ಲುವ ಬಯೋಸೈಡ್ 150 ಗ್ರಾಂ, ಉಳಿದದ್ದು ನೀರು. ಬಯೋಸೈಡಿನಲ್ಲಿ ಜಿಪುಣತನ ಬೇಡ. ಗ್ಲೂಕೊನೇಟ್ ಸೂಕ್ಷ್ಮಜೀವಿಗೆ ಹಬ್ಬದೂಟ. ಮಳೆಗಾಲದಲ್ಲಿ ಡ್ರಮ್ ಉಬ್ಬಿ, ಮುಚ್ಚಳ ತೆರೆದರೆ ಹುಳಿ ವಾಸನೆ, ಮೇಲೆ ಕಪ್ಪು ಬೂಷ್ಟು. ಡಿಫೋಮರ್ ಎಣ್ಣೆಯ ಜಾತಿಯದಾದ್ದರಿಂದ ತಿಂಗಳು ಕಳೆದಾಗ ಮೇಲಕ್ಕೆ ತೇಲುತ್ತದೆ. ಟ್ಯಾಂಕಿನ ಬುಡದ ನಲ್ಲಿಯಿಂದ ಬಂದ ಮಾಲಿನಲ್ಲಿ ಅದು ಇರುವುದೇ ಇಲ್ಲ, ಕಾಂಕ್ರೀಟಿನಲ್ಲಿ ಗಾಳಿ ತುಂಬುತ್ತದೆ, ಪರೀಕ್ಷೆಯ ಕ್ಯೂಬಿನ ಬಲ ಬೀಳುತ್ತದೆ. ಟ್ಯಾಂಕಿಗೆ ಕಲಕುವ ಪಂಪ್ ಇದೆಯೇ ಎಂದು ಮೊದಲೇ ಕೇಳಬೇಕು. ಅದೇ ಟ್ಯಾಂಕಿನಲ್ಲಿ ಹಿಂದೆ ನ್ಯಾಫ್ಥಲೀನ್ ಜಾತಿಯ ಹಳೆಯ ಕೆಮಿಕಲ್ ಇತ್ತೇ ಎಂದೂ ಕೇಳಬೇಕು. ಎರಡೂ ಬೆರೆತರೆ ಒಂದರ ಕೆಲಸ ಇನ್ನೊಂದು ಕೆಡಿಸುತ್ತದೆ. ಟ್ಯಾಂಕ್, ಪೈಪ್, ಡೋಸಿಂಗ್ ಬಾಟಲಿ ಎಲ್ಲವನ್ನೂ ತೊಳೆಯದೆ ಬದಲಾಯಿಸುವಂತಿಲ್ಲ.

ಸಿಮೆಂಟ್ ಪೇಸ್ಟಿನ ಪರೀಕ್ಷೆ ಸುಲಭ. 300 ಗ್ರಾಂ ಸಿಮೆಂಟ್, 87 ಗ್ರಾಂ ನೀರು, ಸಿಮೆಂಟಿನ ಶೇ. 0.15ರಷ್ಟು ಒಣ ಪಾಲಿಮರ್. ಒದ್ದೆ ಬಟ್ಟೆಯಲ್ಲಿ ಒರೆಸಿದ ಗಾಜಿನ ಮೇಲೆ 60 ಮಿ.ಮೀ. ಎತ್ತರದ ಪುಟ್ಟ ಶಂಕುವಿನಲ್ಲಿ ತುಂಬಿ ಎತ್ತಿದರೆ 240-260 ಮಿ.ಮೀ. ವೃತ್ತವಾಗಿ ಹರಡಬೇಕು. ಇದನ್ನು ನಾಲ್ಕಾರು ಸಿಮೆಂಟಿನ ಮೇಲೆ ಮಾಡುತ್ತೇವೆ. ಗಿರಣಿಯಿಂದ ಬಿಸಿಬಿಸಿಯಾಗಿ ಬಂದ ಸಿಮೆಂಟಿನಲ್ಲಿ ಜಿಪ್ಸಂ ಅರೆಬರೆ ನೀರು ಕಳೆದುಕೊಂಡಿದ್ದರೆ ಪೇಸ್ಟ್ ಕೆಲ ನಿಮಿಷಗಳಲ್ಲೇ ಬಿಗಿದುಕೊಂಡು ಮೋಸಮಾಡುತ್ತದೆ, ಮತ್ತೆ ಕಲಕಿದರೆ ಸಡಿಲಾಗುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿಹೋಗಿ, ವರದಿಯೂ ಚೆನ್ನಾಗಿ ಬಂದು, ಪ್ಲಾಂಟಿಗೆ ಹೋದಾಗ ಆಪರೇಟರ್ ಹೇಳುವ ಮಾತು ಇದು: "ಸರ, ನಿಮ್ಮ ಕೆಮಿಕಲ್ ಎಷ್ಟ್ ಹಾಕಿದ್ರೂ ಕುಡ್ದ್ ಬಿಡ್ತದ್ರಿ. ನಿನ್ನೆ ಹಿಂಗ ಇರಲಿಲ್ರಿ."

ಈ ಪ್ಲಾಂಟುಗಳಲ್ಲಿ ಇಂಡಿ, ಸಿಂದಗಿ ಕಡೆಯ ಹುಡುಗರು ಬಹಳ ಮಂದಿ. ಅವರ ಈ ಮಾತನ್ನು ನೂರಕ್ಕೆ ನೂರು ನಂಬಬೇಕು, ಏಕೆಂದರೆ ಕುಡಿಯುವುದು ನಿಜವೇ. ಕುಡಿಯುವುದು ಯಾರು ಎಂಬುದಷ್ಟೇ ಪ್ರಶ್ನೆ, ಮತ್ತು ಉತ್ತರ ಅವರವರ ಹೊಲದಲ್ಲೇ ಇದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಅದರಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿಯಿಂದ. ಹಾಳೆ ಹಾಳೆಯಾಗಿ ಜೋಡಿಸಿದ ಖನಿಜ, ಹಾಳೆಗಳ ನಡುವೆ ನೀರು ನುಗ್ಗಿದರೆ ಉಬ್ಬುತ್ತದೆ. ಪಿಸಿಇಯ ಗ್ಲೈಕಾಲ್ ಹಲ್ಲುಗಳಿಗೆ ಆ ಸಂದು ಹೇಳಿ ಮಾಡಿಸಿದ ಜಾಗ. ಒಳಹೊಕ್ಕ ಹಲ್ಲು ಹೊರಬರುವುದಿಲ್ಲ, ಸಿಮೆಂಟಿಗೆ ಪಾಲಿಮರ್ ಸಿಗುವುದಿಲ್ಲ. ಹಳೆಯ ನ್ಯಾಫ್ಥಲೀನ್ ಕೆಮಿಕಲಿಗೆ ಇಂಥ ಹಲ್ಲುಗಳಿಲ್ಲ, ಅದು ಜೇಡಿಯ ಮೇಲ್ಮೈಗೆ ಅಷ್ಟಿಷ್ಟು ಅಂಟಿ ಸುಮ್ಮನಾಗುತ್ತದೆ. "ಹಳೇದೇ ಚಲೋ ಇತ್ತು" ಎಂಬ ದೂರಿಗೆ ಇಷ್ಟು ರಸಾಯನಶಾಸ್ತ್ರ ಇದೆ.

ನೋಡಬೇಕೆಂದರೆ 300 ಗ್ರಾಂ ಸಿಮೆಂಟಿಗೆ 3 ಗ್ರಾಂ ಬೆಂಟೊನೈಟ್ (ಇದೇ ಜೇಡಿ ಹೆಚ್ಚಾಗಿರುವ ಮಣ್ಣು) ಪುಡಿ ಬೆರೆಸಿ ಅದೇ ಶಂಕುವಿನ ಪರೀಕ್ಷೆ ಮಾಡಿ. ಪಾಯಸದ ಹಾಗೆ ಹರಿಯುತ್ತಿದ್ದದ್ದು ಹೂರಣದ ಹಾಗೆ ಕೂರುತ್ತದೆ.

ಇಲ್ಲಿ ನದಿ ಮರಳು ಕಾಂಕ್ರೀಟಿಗೆ ಬರುವುದು ಅಪರೂಪ, ಎಲ್ಲ ಕ್ರಶ್ ಸ್ಯಾಂಡ್. ಡೆಕ್ಕನ್ ಟ್ರ್ಯಾಪ್ ಎಂಬ ಲಾವಾ ಹಾಸಿನ ಬಸಾಲ್ಟ್ ಒಡೆದು ಮಾಡಿದ್ದು. ಬಸಾಲ್ಟ್ ಶಿಥಿಲವಾದರೆ ಆಗುವುದೇ ಎರೆಮಣ್ಣು. ಗಣಿಯ ತಲೆಯ ಮೇಲಿನ ಮುರುಮು (ಶಿಥಿಲವಾದ ಕಲ್ಲುಮಣ್ಣು), ಎರಡು ಲಾವಾ ಪದರಗಳ ನಡುವಿನ ಕೆಂಪು ಮಣ್ಣಿನ ಪಟ್ಟಿ, ಕಲ್ಲಿನ ಗುಳ್ಳೆಗಳ ಒಳಗೋಡೆಗೆ ಅಂಟಿದ ಹಸಿರು ಜೇಡಿ, ಇವು ಮೂರೂ ಜೇಡಿಯ ಮನೆಗಳು. ಪುಣೆ ಪಕ್ಕದ ವಾಘೋಲಿಯ ಗಣಿಗಳು ನೀಲಿ ಕ್ಯಾವನ್ಸೈಟ್ ಹರಳಿಗೆ ಜಗತ್ತಿನ ಖನಿಜ ಸಂಗ್ರಾಹಕರಲ್ಲಿ ಹೆಸರಾಗಿವೆ. ಸಂಗ್ರಾಹಕರಿಗೆ ಖುಷಿ ಕೊಡುವ ಗುಳ್ಳೆಕಲ್ಲು ಕಾಂಕ್ರೀಟಿನವರಿಗೆ ತಲೆನೋವು. ಒಂದೇ ಗಣಿಯಲ್ಲಿ ಬ್ಲಾಸ್ಟಿಂಗ್ ಹತ್ತು ಮೀಟರ್ ಸರಿದರೆ ಮರಳಿನ ಗುಣ ಬದಲಾಗುವುದಕ್ಕೆ ಕಾರಣ ಇದೇ.

ಮಾಮೂಲಿ ಪರೀಕ್ಷೆಗೆ ಇದು ಸಿಗುವುದಿಲ್ಲ. ಮರಳು-ಖಡಿಯ ಮಾನಕ ಐಎಸ್ 383ರ 2016ರ ಆವೃತ್ತಿ ಕ್ರಶ್ ಸ್ಯಾಂಡಿನಲ್ಲಿ 75 ಮೈಕ್ರಾನಿಗಿಂತ ಸಣ್ಣ ಪುಡಿಯನ್ನು ಶೇ. 15ರವರೆಗೆ ಬಿಡುತ್ತದೆ. ಆ ಪುಡಿಯೆಲ್ಲ ಕಲ್ಲಿನ ಹಿಟ್ಟಾಗಿದ್ದರೆ ಪಂಪಿಂಗಿಗೆ ಒಳ್ಳೆಯದೇ. ಅದರಲ್ಲಿ ಶೇ. 2 ಜೇಡಿಯಿದ್ದರೆ ಕತೆ ಮುಗಿಯಿತು. ಜರಡಿಗೆ ಇವೆರಡರ ವ್ಯತ್ಯಾಸ ತಿಳಿಯದು. ಜೇಡಿ ಹೀರಿಕೊಳ್ಳುವ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣಕ್ಕೆ ತಿಳಿಯುತ್ತದೆ.

ಪರೀಕ್ಷೆ ಹೀಗೆ. 2 ಮಿ.ಮೀ. ಜರಡಿ ದಾಟಿದ ಮರಳು 200 ಗ್ರಾಂ, ನೀರು 500 ಮಿ.ಲೀ. ನಿಮಿಷಕ್ಕೆ 600 ಸುತ್ತಿನಲ್ಲಿ 5 ನಿಮಿಷ ಕಲಕಿ, ಆಮೇಲೆ 400 ಸುತ್ತಿಗೆ ಇಳಿಸಿ, ಲೀಟರಿಗೆ 10 ಗ್ರಾಂ ಕರಗಿಸಿದ ಬಣ್ಣವನ್ನು 5 ಮಿ.ಲೀ.ನಂತೆ ಹಾಕುತ್ತಾ ಹೋಗಬೇಕು. ಪ್ರತಿ ಸಲ ಒಂದು ನಿಮಿಷ ಬಿಟ್ಟು ಗಾಜಿನ ಕಡ್ಡಿಯಿಂದ ಒಂದು ಹನಿ ಫಿಲ್ಟರ್ ಕಾಗದದ ಮೇಲೆ. ಹನಿಯ ನಡುವೆ ಗಾಢ ನೀಲಿಯ ಮಣ್ಣು ಕೂರುತ್ತದೆ, ಸುತ್ತ ಬಣ್ಣವಿಲ್ಲದ ನೀರಿನ ಒದ್ದೆ. ಜೇಡಿಗೆ ಹಸಿವಿರುವವರೆಗೆ ಆ ಒದ್ದೆ ಬೆಳ್ಳಗೇ ಇರುತ್ತದೆ. ಹೊಟ್ಟೆ ತುಂಬಿದ ಮೇಲೆ ನಡುವಿನ ಚುಕ್ಕೆಯ ಸುತ್ತ ಒಂದು ಮಿ.ಮೀ.ನಷ್ಟು ತಿಳಿನೀಲಿ ಬಳೆ ಮೂಡುತ್ತದೆ. ಮೊದಲ ಬಳೆಯನ್ನು ನಂಬಬಾರದು, ಎರಡು ನಿಮಿಷದಲ್ಲಿ ಮಾಯವಾಗಿಬಿಡುತ್ತದೆ. ಬಣ್ಣ ಸೇರಿಸದೆ ನಿಮಿಷಕ್ಕೊಂದರಂತೆ ಹನಿಯಿಟ್ಟು ಐದು ನಿಮಿಷ ಬಳೆ ನಿಂತರೆ ಮಾತ್ರ ಮುಗಿಯಿತು. 50 ಮಿ.ಲೀ. ಹಿಡಿದರೆ ಲೆಕ್ಕ ಕಿಲೋಗೆ 2.5 ಗ್ರಾಂ. ನಮ್ಮ ರೂಢಿಯಲ್ಲಿ 1ರ ಕೆಳಗಿನ ಮರಳು ಸಾಧು, 1.5 ದಾಟಿದರೆ ಡೋಸ್ ಬದಲಿಸಬೇಕು, 2.5ಕ್ಕೆ ಮರಳನ್ನೇ ವಾಪಸ್ ಕಳಿಸಿ ಎನ್ನುತ್ತೇವೆ. ಕಾಗದವನ್ನು ಹೊಸ ಟ್ಯೂಬ್‌ಲೈಟಿನ ಕೆಳಗೇ ನೋಡಬೇಕು. ಮಬ್ಬು ಬೆಳಕಿನಲ್ಲಿ ಬಳೆ ಕಾಣದೆ 10 ಮಿ.ಲೀ. ಹೆಚ್ಚು ಹಾಕುವುದು ಹೊಸಬರ ಸಾಮಾನ್ಯ ತಪ್ಪು.

ಮರಳು ಕುಡಿಯುತ್ತದೆಂದು ಡೋಸ್ ಏರಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ. ಬೈಂಡರಿನ (ಸಿಮೆಂಟ್ ಮತ್ತು ಹಾರುಬೂದಿ ಸೇರಿದ ತೂಕದ) ಶೇ. 0.8 ಇದ್ದದ್ದನ್ನು 1.6ಕ್ಕೆ ಒಯ್ಯುತ್ತಾರೆ. ಪಾಲಿಮರನ್ನು ಜೇಡಿ ತಿನ್ನುತ್ತದೆ, ಗ್ಲೂಕೊನೇಟನ್ನು ಅಷ್ಟಾಗಿ ತಿನ್ನುವುದಿಲ್ಲ. ಅದು ಎರಡು ಪಟ್ಟಾಗಿ ಸಿಮೆಂಟಿನ ಮೇಲೆ ಕೂತು, ಮಾರನೇ ಬೆಳಿಗ್ಗೆ ಕಾಲಮ್ಮಿಗೆ ಉಗುರು ಇಳಿಯುತ್ತದೆ. ಅಷ್ಟರಲ್ಲಿ ಕ್ರಶರಿನಿಂದ ಒಂದು ಲೋಡ್ ಶುದ್ಧ ಮರಳು ಬಂದರೆ ಇನ್ನೂ ಕೆಟ್ಟದ್ದು. ಅದೇ 1.6ರಲ್ಲಿ ಕಾಂಕ್ರೀಟ್ ಸೀಳಿ ನೀರು ಬಿಟ್ಟು ಪಂಪಿನ ಮೊಣಕೈಯಲ್ಲಿ ಖಡಿ ಜಾಮ್ ಆಗುತ್ತದೆ. ಕೆಟ್ಟ ಮರಳಿಗಿಂತ ದಿನಕ್ಕೊಂದು ಬಗೆಯ ಮರಳು ಹೆಚ್ಚು ಅಪಾಯಕಾರಿ ಎನ್ನುವುದು ನಮ್ಮ ಅಭಿಪ್ರಾಯ.

ಲ್ಯಾಬಿನಲ್ಲಿ ಹುಡುಕುವ ಪರಿಹಾರ ಜೇಡಿಗೆ ಬೇರೆ ಮೇವು ಹಾಕುವುದು. ಅಗ್ಗದ ಪಾಲಿಎಥಿಲೀನ್ ಗ್ಲೈಕಾಲ್ ಹಾಕಿದರೆ ಅದೇ ಹಾಳೆಗಳ ನಡುವೆ ನುಗ್ಗಿ ಜಾಗ ತುಂಬುತ್ತದೆ, ಪಿಸಿಇ ಉಳಿಯುತ್ತದೆ. ಆದರೆ ಜೇಡಿ ಹೆಚ್ಚಿದಷ್ಟೂ ಹೆಚ್ಚು ಹಾಕಬೇಕು, ಲೆಕ್ಕ ದುಬಾರಿಯಾಗುತ್ತದೆ. ಧನ ವಿದ್ಯುದಂಶದ ಅಮೋನಿಯಂ ಪಾಲಿಮರುಗಳು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತವೆ, ಆದರೆ ಋಣ ವಿದ್ಯುದಂಶದ ಪಿಸಿಇ ಜೊತೆ ಒಂದೇ ಡ್ರಮ್ಮಿನಲ್ಲಿ ಇಟ್ಟರೆ ಎರಡೂ ಕೂಡಿ ಮೊಸರಾಗುವ ಭಯ. ಬೇರೆ ಬಾಟಲಿಯಿಂದ, ಮರಳು ಮತ್ತು ಮೊದಲ ನೀರಿನ ಜೊತೆಗೇ ಹಾಕಿ, ಸಿಮೆಂಟ್ ಮತ್ತು ಪಿಸಿಇ ಆಮೇಲೆ ಬರಬೇಕು. ಪ್ಲಾಂಟಿನಲ್ಲಿ ಎರಡನೇ ಡೋಸಿಂಗ್ ಲೈನ್ ಇಲ್ಲದಿದ್ದರೆ ಈ ದಾರಿ ಮುಚ್ಚಿದ ಹಾಗೆಯೇ. ಮರಳು ತೊಳೆಯುವುದು ಎಲ್ಲಕ್ಕಿಂತ ನೇರ ಉಪಾಯ. ಆದರೆ ತೊಳೆದ ನೀರಿನಲ್ಲಿ ಜೇಡಿಯ ಜೊತೆ ಒಳ್ಳೆಯ ಕಲ್ಲಿನ ಹಿಟ್ಟೂ ಹೋಗಿ ಕಾಂಕ್ರೀಟ್ ಒರಟಾಗುತ್ತದೆ. ಆಗ ಹಾರುಬೂದಿ 20-30 ಕಿಲೋ ಹೆಚ್ಚಿಸಿ ಸರಿದೂಗಿಸಬೇಕು.

ಕಾಂಕ್ರೀಟ್ ಟ್ರಯಲ್ 30 ಲೀಟರಿನದು. ಘನಮೀಟರಿಗೆ ಸಿಮೆಂಟ್ 300, ಹಾರುಬೂದಿ 100, ನೀರು 160, ಕ್ರಶ್ ಸ್ಯಾಂಡ್ 820, 10 ಮಿ.ಮೀ. ಖಡಿ 440, 20 ಮಿ.ಮೀ. ಖಡಿ 660 ಕಿಲೋ. ಹೆಚ್ಚಿನ ಟ್ರಯಲ್‌ಗಳು ಕೆಡುವುದು ಮರಳಿನ ತೇವದಿಂದ. ಮರಳಿನ ತೇವ ಶೇ. 5, ಅದು ತಾನೇ ಹೀರುವುದು ಶೇ. 3 ಎಂದಾದರೆ 24.6 ಕಿಲೋ ಮರಳು ಅರ್ಧ ಲೀಟರ್ ನೀರನ್ನು ಕದ್ದು ತರುತ್ತದೆ. ಬ್ಯಾಚಿನ ಒಟ್ಟು ನೀರು 4.8 ಲೀಟರ್, ಅಂದರೆ ಹತ್ತನೇ ಒಂದು ಪಾಲು. ಇದನ್ನು ಕಳೆಯದೆ "ಈ ಪಾಲಿಮರ್ ಬಹಳ ಚೆನ್ನಾಗಿದೆ" ಎಂದು ಬರೆದ ವರದಿಗಳಿಗೆ ಲೆಕ್ಕವಿಲ್ಲ. ಸ್ಲಂಪನ್ನು 0, 60, 120, 180 ನಿಮಿಷಕ್ಕೆ ಅಳೆಯುತ್ತೇವೆ. ನಡುವೆ ಮಿಕ್ಸರಿನ ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಹತ್ತು ನಿಮಿಷಕ್ಕೊಮ್ಮೆ ನಾಲ್ಕು ಸುತ್ತು. 180ಕ್ಕೆ 150 ಮಿ.ಮೀ. ಉಳಿದರೆ ಪ್ಲಾಂಟಿಗೆ ಒಯ್ಯಲು ಧೈರ್ಯ ಬರುತ್ತದೆ.

ಪ್ಲಾಂಟಿನ ಟ್ರಯಲ್‌ಗೆ ಹೋಗುವಾಗ ತೂಕದ ಡೋಸಿಂಗ್ ಬಾಟಲಿಯನ್ನು ಮೊದಲು ಖಾಲಿ ಬಕೆಟ್ಟಿಗೆ ಹಾಕಿಸಿ ನಮ್ಮ ತಕ್ಕಡಿಯಲ್ಲಿ ತೂಗಬೇಕು. ಪರದೆಯಲ್ಲಿ 3.2 ಕಿಲೋ ಎಂದು ತೋರಿಸಿ 2.7 ಬಿಡುವ ವಾಲ್ವುಗಳಿವೆ. ಸೈಟಿನಲ್ಲಿ ಸ್ಲಂಪ್ ಇಳಿದಿದ್ದರೆ ಡ್ರೈವರಣ್ಣ ಪೈಪ್ ಹಿಡಿದು ನೀರು ಬಿಡುವ ಮೊದಲು ಅವನ ಕೈಗೆ ಅಡ್ಮಿಕ್ಸ್ಚರ್ ಕ್ಯಾನ್ ಕೊಡಬೇಕು. ಬೈಂಡರಿನ ಶೇ. 0.1ರಷ್ಟು ಹಾಕಿ, ಘನಮೀಟರಿಗೆ ಒಂದು ನಿಮಿಷದಂತೆ ಪೂರ್ತಿ ವೇಗದಲ್ಲಿ ಡ್ರಮ್ ತಿರುಗಿಸಿದರೆ ಸಾಕು.

ದೂರು ಬಂದಾಗ ಪ್ಲಾಂಟಿನವರು ಕೆಮಿಕಲಿನ ಸ್ಯಾಂಪಲ್ ಒಂದೇ ಕಳಿಸುತ್ತಾರೆ. ಅದರ ಜೊತೆ ಆ ದಿನದ ಮರಳು 2 ಕಿಲೋ, ಸಿಮೆಂಟ್ 2 ಕಿಲೋ ಗಾಳಿಯಾಡದ ಚೀಲದಲ್ಲಿ ಕೇಳಿ ತರಿಸಬೇಕು. ಮರಳನ್ನು ರಾಶಿಯ ನಡುವಿನಿಂದ, ನಾಲ್ಕು ಕಡೆಯಿಂದ ತೆಗೆಸಬೇಕು. ಜೂನ್ ನಂತರವಂತೂ ರಾಶಿಯ ಬುಡದ ಒಂದಡಿಯನ್ನು ಲೋಡರ್ ಮುಟ್ಟದಂತೆ ಹೇಳಿ ಬರಬೇಕು. ಮಳೆನೀರು ಮೇಲಿನ ಜೇಡಿಯನ್ನೆಲ್ಲ ತೊಳೆದು ಕೆಳಗೆ ಇಳಿಸಿರುತ್ತದೆ, ಮೇಲಾಗಿ ಬಕೆಟ್ ಯಾರ್ಡಿನ ಎರೆಮಣ್ಣನ್ನೂ ಕೆರೆದುಕೊಂಡು ಬರುತ್ತದೆ.